ಐವತ್ತು ಪೌಂಡಿನ ಬಿಲ್ಲು

ಮುಚ್ಚಳ ತೆಗೆದು ಮೂಸಿದ್ದೇ ತಪ್ಪಾಯಿತು. ಬಸ್ ನಿಲ್ದಾಣದ ಶೌಚಾಲಯವನ್ನೇ ಯಾರೋ ಸಣ್ಣ ಸೀಸೆಯಲ್ಲಿ ತುಂಬಿಟ್ಟ ಹಾಗಿತ್ತು. ಗೋಪೀನಾಥ ಗಡಿಬಿಡಿಯಲ್ಲಿ ಮುಚ್ಚಳ ತಿರುಗಿಸುವಷ್ಟರಲ್ಲಿ ಎರಡು ಹನಿ ಹೆಬ್ಬೆರಳಿನ ಮೇಲೆ ಬಿದ್ದಾಗಿತ್ತು.

"ಅಯ್ಯೋ ಅಪ್ಪಾ, ಅದು ಹೆಣ್ಣು ಜಿಂಕೆ ಸೂಸು! ಗಂಡು ಜಿಂಕೆ ಹತ್ರ ಬರ್ಲಿ ಅಂತ ಮರಕ್ಕೆ ಹಚ್ತಾರೆ," ಎಂದು ಇಂಚರಾ ನಕ್ಕಳು.

ಬೇಟೆ ಸಾಮಾನಿನ ಆ ಅಂಗಡಿಯ ಹಿಂದಿದ್ದ ನಲ್ಲಿಯಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆದ. ವಾಸನೆ ಹೋಗಲಿಲ್ಲ. ಗೋಡೆಯ ಮೇಲೆ ಕಾಡುಹಂದಿಯ ಚರ್ಮ, ಅದರ ಪಕ್ಕದಲ್ಲಿ ಸಾಲಾಗಿ ಚಾಕುಗಳು, ಸತ್ತ ಪ್ರಾಣಿಯನ್ನು ನೇತುಹಾಕುವ ಕೊಕ್ಕೆಗಳು. ಒಂದೊಂದು ಕೊಕ್ಕೆಯೂ ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು. ಅದೇ ಅವನಿಗೆ ಹೆಚ್ಚು ಹೇಸಿಗೆ ಅನಿಸಿತು.

ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದು ಐದು ವರ್ಷವಾಗಿತ್ತು. ಟ್ರಾನ್ಸ್‌ಫಾರ್ಮರ್ ಪರೀಕ್ಷಿಸುವ ಕೆಲಸ, ಚಳಿ, ಕತ್ತಲೆ ಎಲ್ಲಕ್ಕೂ ಅವನು ಒಗ್ಗಿಕೊಂಡಿದ್ದ. ಹದಿನೈದು ತುಂಬಿದ ಮಗಳು ಹುಟ್ಟುಹಬ್ಬಕ್ಕೆ ಬೇಟೆ ಬಿಲ್ಲು ಕೇಳಿದ್ದು ಮಾತ್ರ ಗಂಟಲಲ್ಲಿ ಇಳಿದಿರಲಿಲ್ಲ. ಗೆಳತಿಯ ಜೊತೆ ಬಿಲ್ಲಿನ ಕ್ಲಬ್ಬಿಗೆ ಹೋಗತೊಡಗಿ ನಾಲ್ಕು ವಾರವಾಗಿತ್ತಷ್ಟೆ. "ಕೊಡಿಸ್ತೀವಿ ಅಂತ ಮಾತು ಕೊಟ್ಟಿದೀವಿ, ನೀವೇ ಹೋಗಿ ಕೊಡಿಸಿ. ನನ್ ಕೈಲಾಗಲ್ಲ," ಎಂದು ಹೆಂಡತಿ ದೀಪ್ತಿ ಜಾರಿಕೊಂಡಿದ್ದಳು.

ಬರುವಾಗ ಕಾರಿನಲ್ಲಿ ಅವನು ಕೊನೆಯ ಪ್ರಯತ್ನ ಮಾಡಿದ್ದ. "ಈ ದೇಶದಲ್ಲಿ ಬಿಲ್ಲಲ್ಲಿ ಬೇಟೆ ಆಡೋ ಹಾಗೇ ಇಲ್ವಂತೆ ಪುಟ್ಟಿ. ಮತ್ಯಾಕೆ?"

"ಡೆನ್ಮಾರ್ಕಲ್ಲಿ ಆಗತ್ತೆ. ದೊಡ್ಡೋಳಾದ್ಮೇಲೆ ಬೇಟೆ ಎಗ್ಸಾಮ್ ಬರೀತೀನಿ. ಈಗ ಪ್ರಾಕ್ಟೀಸ್." ಕಿಟಕಿಯ ಕಡೆ ತಿರುಗಿ ಅವಳು ಮುಂದುವರಿಸಿದ್ದಳು. "ಅಪ್ಪ, ನಾನು ಸ್ಕೂಲಲ್ಲಿ ಎರಡ್ ವರ್ಷದಿಂದ ಮೀಟ್‌ಬಾಲ್ಸ್ ತಿಂತಿದೀನಿ. ಯಾರೋ ಕೊಂದು, ಉಂಡೆ ಮಾಡಿ, ಸಾಸ್ ಹಾಕಿ ಕೊಡ್ತಾರೆ, ನಾವು ತಿಂತೀವಿ. ನಂಗೆ ಅದು ಛೀ ಅನ್ಸತ್ತೆ. ತಿಂದ್ರೆ ನಾನೇ ಕೊಲ್ಬೇಕು. ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ."

ಗೋಪೀನಾಥನದು ಮಾಂಸ ಮುಟ್ಟದ ಮನೆ. ಎರಡು ವರ್ಷ! ಅದೇ ಬಾಯಿಗೆ ತಾನು ಮೊಸರನ್ನ ಕಲಸಿ ತುತ್ತಿಟ್ಟಿದ್ದೇನೆ. ಅವನು ಗೇರ್ ಬದಲಿಸಿದ್ದ. ಅವನ ಹತ್ತಿರ ಬೇರೆ ಉಪಾಯವಿತ್ತು.

ಅಂಗಡಿಯ ಒಡತಿ ಬೆರಿಟ್‌ಗೆ ಅರವತ್ತರ ಮೇಲಾಗಿತ್ತು. ಇಂಚರಾಳ ತೋಳುಗಳನ್ನು ಅಗಲಿಸಿ ಟೇಪು ಹಿಡಿದಳು. ಎರಡೂ ಅಂಗೈ ಸೇರಿಸಿ ನಡುವೆ ಕಿಂಡಿ ಮಾಡಿ ಗಡಿಯಾರವನ್ನು ನೋಡಲು ಹೇಳಿ, ಗುರಿ ಹಿಡಿಯುವುದರಲ್ಲಿ ಬಲಗಣ್ಣೇ ಮುಂದು ಎಂದು ಪತ್ತೆ ಹಚ್ಚಿದಳು. ನಂತರ ಮರದ ಹಿಡಿಯ ಒಂದು ಬಿಲ್ಲನ್ನು ಇಳಿಸಿದಳು. "ಇದನ್ನು ಎಳೆಯಲು ಇಪ್ಪತ್ತೈದು ಪೌಂಡಿನ ಬಲ ಸಾಕು. ಮೈ ಬಲಿತ ಹಾಗೆ ಬಿಲ್ಲಿನ ಮೇಲಿನ, ಕೆಳಗಿನ ತೋಳುಗಳನ್ನಷ್ಟೇ ಬದಲಿಸಬಹುದು. ಕಲಿಯುವವರಿಗೆ ಇದೇ ಸರಿ."

"ಬೇಡ," ಎಂದ ಗೋಪೀನಾಥ, ತಡವರಿಸುವ ಸ್ವೀಡಿಷ್‌ನಲ್ಲಿ. "ಐವತ್ತರದ್ದು ಕೊಡಿ. ಬೇಟೆಗೆ ಅಂದ ಮೇಲೆ ಬೇಟೆಯದ್ದೇ ಇರಲಿ."

ಇಂಚರಾಳ ಮುಖ ಅರಳಿತು. ಅಪ್ಪ ಹೀಗೆ ತನ್ನ ಪರ ನಿಲ್ಲುತ್ತಾನೆಂದು ಅವಳು ಎಣಿಸಿರಲಿಲ್ಲ. ಬೆರಿಟ್ ಹುಬ್ಬು ಗಂಟಿಕ್ಕಿ, ಕಪ್ಪು ಬಿಲ್ಲೊಂದನ್ನು ತಂದು, ಹಿಂಬದಿಯ ಅಂಗಳಕ್ಕೆ ಇಬ್ಬರನ್ನೂ ಕರೆದೊಯ್ದಳು.

ಇಂಚರಾ ಎಳೆದಳು. ಬಿಲ್ಲಿನ ನಾರಿ ಅರ್ಧಕ್ಕೆ ಬಂದು ನಿಂತಿತು. ಮೊಣಕೈ ನಡುಗಿತು, ಕುತ್ತಿಗೆಯ ನರ ಉಬ್ಬಿತು, ಕೆಳದುಟಿಯನ್ನು ಹಲ್ಲು ಕಚ್ಚಿತ್ತು. ಬಾಣ ಅಡ್ಡಾದಿಡ್ಡಿ ಹೋಗಿ ಹುಲ್ಲಿನಲ್ಲಿ ಬಿತ್ತು.

"ಪರವಾಗಿಲ್ಲ, ಅಭ್ಯಾಸ ಆಗುತ್ತೆ. ಇದನ್ನೇ ಪ್ಯಾಕ್ ಮಾಡಿ," ಎಂದ ಗೋಪೀನಾಥ.

ಬೆರಿಟ್ ಕದಲಲಿಲ್ಲ. "ಕೈ ನಡುಗಿದರೆ ಬಾಣ ಎದೆಗೆ ಹೋಗುವುದಿಲ್ಲ, ಹೊಟ್ಟೆಗೆ ಹೋಗುತ್ತದೆ. ಪ್ರಾಣಿ ತಕ್ಷಣ ಸಾಯುವುದಿಲ್ಲ. ಕರುಳು ಎಳೆದುಕೊಂಡು ಅರ್ಧ ದಿನ ನಡೆಯುತ್ತದೆ. ಅಂಥದ್ದನ್ನು ನಾನು ಹುಡುಕಿಕೊಂಡು ಹೋಗಿದ್ದೇನೆ. ಅದಿರಲಿ, ಇವಳ ಭುಜ ಒಂದು ತಿಂಗಳು ಬಾಳದು. ಇಷ್ಟು ಭಾರದ್ದೇ ಬೇಕೆಂದು ಯಾರು ಹೇಳಿದರು ನಿಮಗೆ?"

ಯಾರೂ ಹೇಳಿರಲಿಲ್ಲ. ಅವನೇ ಆಫೀಸಿನ ಕಂಪ್ಯೂಟರಿನಲ್ಲಿ ಓದಿದ್ದ: ಭಾರದ ಬಿಲ್ಲು ಕೊಟ್ಟರೆ ಹೊಸಬರು ಎರಡೇ ವಾರದಲ್ಲಿ ಬೇಸತ್ತು ಬಿಡುತ್ತಾರೆ, ಭುಜಕ್ಕೆ ಏಟಾಗುವುದೂ ಉಂಟು. ಆ ಕೊನೆಯ ಮಾತನ್ನೂ ಓದಿದ್ದ. ಓದಿಯೂ ಬಂದಿದ್ದ.

ಅವನು ತಲೆ ತಗ್ಗಿಸಿದ್ದನ್ನು ಇಂಚರಾ ನೋಡಿದಳು.

"ಅಪ್ಪಾ, ನಿಂಗೆ ಮೊದ್ಲೇ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. "ಗೊತ್ತಿತ್ತು," ಎಂದ. "ನೀನು ಬಿಟ್ಬಿಡ್ಲಿ ಅಂತ."

ಅವಳು ಭುಜ ನೀವಿಕೊಳ್ಳುತ್ತ ಅವನನ್ನೇ ದಿಟ್ಟಿಸಿದಳು. "ಛೀ," ಎಂದಳು, ಮೆಲ್ಲಗೆ.

ಹೆತ್ತ ಮಗಳ ಬಾಯಲ್ಲಿ ಆ ಮಾತು ಕೇಳಿ ಅವನ ಕಿವಿ ಬಿಸಿಯಾಯಿತು. ಅಷ್ಟು ಹೊತ್ತೂ ಅಂಗಡಿಯ ಒಂದೊಂದು ವಸ್ತುವನ್ನು ನೋಡಿ ಮೂಗು ಮುರಿಯುತ್ತಿದ್ದವನು ಈಗ ತನ್ನ ಮೈಯಿಂದಲೇ ದೂರ ಸರಿದು ನಿಲ್ಲಬೇಕೆನ್ನುವಂತಾಗಿ ಅಂಗಳದ ಬೇಲಿ ಹಿಡಿದುಕೊಂಡ.

ಇಂಚರಾ ಒಳಗೆ ಹೋಗಿ ಇಪ್ಪತ್ತೈದರ ಬಿಲ್ಲನ್ನು ತಾನೇ ತಂದಳು. ಅಂಗಳದ ತುದಿಯಲ್ಲಿ ಗುರಿಗೆಂದು ಸ್ಪಂಜಿನಂಥ ವಸ್ತುವಿನಿಂದ ಮಾಡಿದ ಕಂದು ಜಿಂಕೆಯೊಂದು ನಿಂತಿತ್ತು. ಅವಳು ನಾರಿಯನ್ನು ಕೆನ್ನೆಯವರೆಗೂ ಎಳೆದು, ಒಂದು ಉಸಿರು ತಡೆದು, ಬಿಟ್ಟಳು. ಹೀಗೇ ಮೂರು ಸಲ. ಎರಡು ಬಾಣ ಎದೆಗೆ, ಒಂದು ಕುತ್ತಿಗೆಗೆ.

"ಹೋಗಿ, ಕಿತ್ತು ತನ್ನಿ," ಎಂದು ಬೆರಿಟ್ ಗೋಪೀನಾಥನಿಗೆ ಹೇಳಿದಳು. "ಒಂದು ಕೈ ಅದರ ಮೈಮೇಲೆ ಒತ್ತಿ ಹಿಡಿಯಿರಿ. ಇನ್ನೊಂದರಿಂದ ನೇರವಾಗಿ ಎಳೆಯಿರಿ."

ಅವನು ಹೋದ. ಜಿಂಕೆಯ ಎದೆ ಇಬ್ಬನಿಗೆ ತಣ್ಣಗಾಗಿತ್ತು. ಮೊದಲ ಬಾಣ ಕೀರಲು ಸದ್ದು ಮಾಡಿ ಹೊರಬಂತು. ಎರಡನೆಯದಕ್ಕೆ ಬಲ ಹಾಕಬೇಕಾಯಿತು. ಕತ್ತಿನಲ್ಲಿದ್ದುದನ್ನು ಎಳೆದ ಮೇಲೂ ಅವನು ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತ. ಬೆರಳುಗಳ ನಡುವೆ ಬಾಣ ಹೊಕ್ಕಿದ್ದ ತೂತು ನಿಧಾನವಾಗಿ ಕಿರಿದಾಗುತ್ತಿತ್ತು.

ಹಿಂದೆ ಇಂಚರಾ ಬಿಲ್ಲನ್ನು ನೆಲದ ಕಡೆಗೆ ಇಳಿಬಿಟ್ಟು ಕಾಯುತ್ತಿದ್ದಳು.

"ಸೈಡಿಗೆ ಬಾ ಅಪ್ಪ," ಎಂದಳು.