ಕೊನೆಯ ಸೀಟಿನವರೆಗೆ

ಮಾರ್ಲಿಸ್ ಕೆಟ್ಟುನೆನ್ ಕೋಟು ಬಿಚ್ಚುವ ಮೊದಲೇ ಐಸಿಯುವಿನ ಬೋರ್ಡಿನ ಮುಂದೆ ನಿಂತು, ತೊಂಬತ್ತಾರನ್ನು ಅಳಿಸಿ ತೊಂಬತ್ತೇಳು ಬರೆದಳು. ಹಿಂದಿದ್ದವರು ಚಪ್ಪಾಳೆ ಹೊಡೆದರು.

ಸೆಂಟ್ರಲ್ ಲೈನಿನಿಂದ ಯಾರಿಗೂ ಸೋಂಕು ತಗಲದೆ ಕಳೆದ ದಿನಗಳು ಅವು. ಕುತ್ತಿಗೆಯ ದೊಡ್ಡ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಇಳಿಯುವ ಆ ನಳಿಕೆ ಜೀವ ಉಳಿಸುತ್ತದೆ. ಅಗತ್ಯ ಮುಗಿದ ಮೇಲೂ ಬಿಟ್ಟರೆ ಅದೇ ದಾರಿಯಲ್ಲಿ ರೋಗಾಣು ಒಳನುಗ್ಗುತ್ತದೆ. ಹಿಂದಿನ ವರ್ಷ ಹಾಗೆ ಇಬ್ಬರು ಸತ್ತಿದ್ದರು. ಆಮೇಲೆ ಹುಟ್ಟಿದ್ದು ಈ ಮೂವರ ತಂಡ: ಡಾಕ್ಟರ್ ಡೆರೋಸಿಯೇ, ಹಿರಿಯ ನರ್ಸ್ ಮಾರ್ಲಿಸ್, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ನರ್ಸ್ ಓಡೆಲ್. ಪ್ರತಿ ಬೆಳಿಗ್ಗೆ ಪ್ರತಿ ಹಾಸಿಗೆಯ ಬಳಿ ನಿಂತು ಅವರು ಕೇಳಬೇಕಾದದ್ದು ಒಂದೇ ಪ್ರಶ್ನೆ. ಇವತ್ತು ಈ ಲೈನ್ ಬೇಕೇ?

ನೂರು ಮುಟ್ಟಿದರೆ ಬಟ್ಟೆ ಸಮೇತ ಸುಪೀರಿಯರ್ ಸರೋವರಕ್ಕೆ ಹಾರುತ್ತೇನೆಂದು ಡಾಕ್ಟರ್ ಮಾತು ಕೊಟ್ಟಿದ್ದರು. ಏಪ್ರಿಲ್ ಬಂದಿದ್ದರೂ ದಡದಲ್ಲಿ ಇನ್ನೂ ಮಂಜುಗಡ್ಡೆಯಿತ್ತು. ಯಾರೋ ಆಗಲೇ ಒಂದು ದೊಡ್ಡ ಟವೆಲ್ ತಂದು ಬೋರ್ಡಿನ ಪಕ್ಕ ನೇತುಹಾಕಿದ್ದರು.

"ಈಜು ಬರುತ್ತಾ ಡಾಕ್ಟ್ರೇ?" ಮಾರ್ಲಿಸ್ ಕೇಳಿದಳು.

"ಎಲ್ಲಿ ಬರುತ್ತೆ? ನೀವು ನೂರು ಮುಟ್ಟಲ್ಲ ಅನ್ನೋ ಧೈರ್ಯದ ಮೇಲೆ ಹೇಳಿದ್ದೆ."

ನಗು ಇನ್ನೂ ಮುಗಿದಿರಲಿಲ್ಲ, ಓಡೆಲ್ ಬಂದ. "ನಾಲ್ಕನೇ ಕೋಣೆ, ವೆರ್ನಾ ಹಾಪಲಾ. ಜ್ವರ ನೂರಾ ಎರಡು. ಚಳಿಯಿಂದ ನಡುಗ್ತಿದ್ದಾರೆ. ಬ್ಲಡ್ ಕಲ್ಚರ್ ಕಳಿಸಿಬಿಡೋಣ, ರಕ್ತದಲ್ಲಿ ರೋಗಾಣು ಬೆಳೆಯುತ್ತಾ ಗೊತ್ತಾಗುತ್ತೆ."

"ಕರುಳಿನ ಆಪರೇಷನ್ ಆಗಿ ಆರು ದಿನ. ಮಲಗೇ ಇದ್ದಾರಲ್ಲ, ಶ್ವಾಸಕೋಶದ ಸೋಂಕೇ ಇರ್ಬೇಕು," ಎಂದಳು ಮಾರ್ಲಿಸ್. "ಎಕ್ಸ್‌ರೇ ತೆಗೆಸೋಣ. ಸಂಜೆವರೆಗೆ ನೋಡಿದ್ರಾಯ್ತು."

"ಸಂಜೆವರೆಗೋ, ನೂರರವರೆಗೋ?"

ಮಾರ್ಲಿಸಳ ಮುಖ ಕೆಂಪಾಯಿತು. "ಎಷ್ಟು ಸಲ ಚರ್ಮದ ಮೇಲಿನ ರೋಗಾಣು ಸೇರ್ಕೊಂಡು ಸುಳ್ಳು ರಿಪೋರ್ಟ್ ಬಂದಿಲ್ಲ? ಇಷ್ಟು ಜನರ ಮೂರು ತಿಂಗಳ ಕಷ್ಟಾನ ಒಂದು ಗಾಬರಿಗೆ ಹಾಳು ಮಾಡ್ತೀಯಾ?"

"ನಿಜವಾದ ರಿಪೋರ್ಟ್ ಆಗಿದ್ರೆ?"

ಇಬ್ಬರೂ ಡಾಕ್ಟರ ಕಡೆ ತಿರುಗಿದರು. ಅವರು ಟವೆಲ್ ನೋಡಿದರು, ನೆಲ ನೋಡಿದರು. "ಮಾರ್ಲಿಸ್, ನೀನೊಮ್ಮೆ ನೋಡ್ಕೊಂಡು ಬಂದು ಹೇಳು."

ವೆರ್ನಾ ಮೂರು ಕಂಬಳಿ ಹೊದ್ದಿದ್ದಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಗಟ್ಟಿ ಹೆಂಗಸು. ಹಲ್ಲು ಕಟಕಟ ಎನ್ನುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ.

"ದಿನಾ ಬೆಳಿಗ್ಗೆ ಬಾಗಿಲಾಚೆ 'ನಾಲ್ಕು, ಬೇಕು' ಅಂತ ಕೂಗೋದು ನೀನೇ ತಾನೆ? ದನಿಯಿಂದಲೇ ಗೊತ್ತಾಯ್ತು."

"ನಾನೇ."

"ಮೊನ್ನೆಯಿಂದ ಸೂಪು ಕುಡೀತಿದೀನಿ, ಮಾತ್ರೆ ನುಂಗ್ತಿದೀನಿ. ಇದು ಯಾಕಮ್ಮ ಇನ್ನೂ?" ಅವಳು ಕುತ್ತಿಗೆ ತೋರಿಸಿದಳು.

ಕೈಯ ನರ ಸಣ್ಣ, ಇದರಿಂದ ರಕ್ತ ತೆಗೆಯುವುದು ಸುಲಭ. ಮಾರ್ಲಿಸ್‌ಗೆ ತೋಚಿದ ಕಾರಣ ಅಷ್ಟೇ. ಅವಳು ಕುತ್ತಿಗೆಯ ಬಳಿಯ ಕಂಬಳಿ ಸರಿಸಿದಳು.

"ನಮಗೊಂದು ಕೆಲಸ ಇತ್ತು," ವೆರ್ನಾ ಮುಂದುವರಿಸಿದಳು. "ಮಕ್ಕಳೆಲ್ಲ ಇಳಿದ ಮೇಲೆ ಕೊನೇ ಸೀಟಿನವರೆಗೆ ನಡೆದು ನೋಡ್ಬೇಕು, ಯಾರಾದ್ರೂ ಮಲಗಿದಾರಾ ಅಂತ. ಕೆಲವರು ಕನ್ನಡೀಲಿ ನೋಡಿ ಇಳಿದುಬಿಡೋರು. ನಾನು ಮಾತ್ರ ನಡೀತಿದ್ದೆ. ಅಷ್ಟು ವರ್ಷದಲ್ಲಿ ಸಿಕ್ಕಿದ್ದು ಒಂದೇ ಮಗು, ಜನವರಿ ಚಳೀಲಿ. ಒಂದು ಸಾಕಲ್ಲ?"

ಮಾರ್ಲಿಸ್ ಲೈನಿನ ಅಂಟುಪಟ್ಟಿಯ ಮೇಲೆ ಬಗ್ಗಿದಳು. ಅಂಚು ಎದ್ದಿತ್ತು, ಚರ್ಮ ಕೆಂಪಾಗಿತ್ತು. ಬಾಗಿಲಿನಿಂದ ಕಾಣುವ ಕೆಂಪಲ್ಲ ಅದು.

ಅವಳು ಬಾಗಿಲಿನಿಂದ ಹೊರಗೆ ತಲೆ ಚಾಚಿದಳು. "ಓಡೆಲ್, ಕಲ್ಚರ್ ಬಾಟಲಿ ತಗೊಂಡು ಬಾ. ಡಾಕ್ಟ್ರೇ, ಈ ಲೈನ್ ಈಗಲೇ ತೆಗೀಬೇಕು." ಆಮೇಲೆ ವೆರ್ನಾಳ ಕಡೆ ತಿರುಗಿದಳು. "ಇದನ್ನ ಮೊನ್ನೆಯೇ ತೆಗೀಬೇಕಿತ್ತು. ನಾನು ಒಳಗೆ ಬಂದು ನೋಡ್ಲಿಲ್ಲ."

ವೆರ್ನಾ ಅವಳನ್ನೇ ದಿಟ್ಟಿಸಿದಳು. "ಈಗ ಬಂದ್ಯಲ್ಲ. ಬೇಗ ಕಿತ್ತಾಕು."

ಲೈನ್ ತೆಗೆದು ಔಷಧ ಶುರು ಮಾಡಿದರು. ಮರುದಿನ ಮಧ್ಯಾಹ್ನ ಲ್ಯಾಬಿನಿಂದ ಫೋನ್ ಬಂತು. ಎಲ್ಲ ಬಾಟಲಿಗಳಲ್ಲೂ ರೋಗಾಣು ಬೆಳೆದಿತ್ತು. ಅಷ್ಟರಲ್ಲಿ ವೆರ್ನಾಳ ಜ್ವರ ಇಳಿದಿತ್ತು; ಸೂಪಿಗೆ ಉಪ್ಪಿಲ್ಲವೆಂದು ಜಗಳ ಶುರುವಾಗಿತ್ತು.

ಮಾರ್ಲಿಸ್ ತೊಂಬತ್ತೆಂಟನ್ನು ತಾನೇ ಅಳಿಸಿ ಸೊನ್ನೆ ಬರೆದಳು. ಯಾರೋ ಟವೆಲ್‌ಗೆ ಕೈ ಹಾಕಿ ಇಳಿಸಹೊರಟರು.

"ಇರಲಿ ಬಿಡಿ," ಎಂದಳು. ಸೊನ್ನೆಯ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದಳು: ಇಂದು ತೆಗೆದ ಲೈನುಗಳು.

ಮಾರನೆಯ ಬೆಳಿಗ್ಗೆ ಮೂವರೂ ಒಂದೊಂದೇ ಕೋಣೆಯ ಒಳಗೆ ಹೋದರು. ಎರಡನೆಯದರಲ್ಲಿ ಒಂದು ಲೈನ್ ಹೊರಬಂತು. ಏಳರಲ್ಲಿ ಡಾಕ್ಟರ್ 'ಬೇಕು' ಎಂದರು. ಓಡೆಲ್ 'ಯಾಕೆ' ಎಂದ. ಡಾಕ್ಟರ್ ಕೈಗವಸು ಹಾಕಿಕೊಂಡು ಅದನ್ನೂ ತೆಗೆದರು. ಒಂಬತ್ತಕ್ಕೆ ಬರುವ ಹೊತ್ತಿಗೆ ಮೂವರೂ ಹೆಚ್ಚುಕಡಿಮೆ ಓಡುತ್ತಿದ್ದರು. ಅಲ್ಲಿ ಇನ್ನೊಂದು.

"ಒಂದೇ ದಿನ ಮೂರು!" ಓಡೆಲ್ ಕುಣಿದುಬಿಟ್ಟ. "ಈ ಲೆಕ್ಕದಲ್ಲಿ ಎಷ್ಟಾದ್ರೆ ಹಾರ್ತೀರಿ ಡಾಕ್ಟ್ರೇ?"

"ಮೊದಲು ಯಾರಾದ್ರೂ ಈಜು ಕಲಿಸ್ರಪ್ಪ. ಬನ್ನಿ, ಮುಗೀತಲ್ಲ. ಕೊನೇದು, ಹನ್ನೆರಡನೇ ಕೋಣೆ ಖಾಲಿ."

ಖಾಲಿ ಎಂದು ಮಾರ್ಲಿಸ್‌ಗೂ ಗೊತ್ತಿತ್ತು. ಆದರೂ ಅವಳು ಕೊನೆಯವರೆಗೆ ನಡೆದು ಬಾಗಿಲು ತೆಗೆದು ನೋಡಿದಳು.