ಮೂರನೆಯ ಕಾಜ

ನಮ್ಮ ಹೊಲಿಗೆ ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು, ಅದನ್ನು ಮಾಡಿದವಳು ನಾನೇ: ನನ್ನ ಕೈಯಲ್ಲಿ ಕತ್ತರಿ ಇರುವಾಗ ಯಾರೂ ನನ್ನನ್ನು ಮಾತಾಡಿಸಕೂಡದು.

ಸುಮ್ಮಸುಮ್ಮನೆ ಮಾಡಿದ್ದಲ್ಲ. ಒಂದು ಸಲ ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ನನ್ನ ಬೆನ್ನ ಹಿಂದೆ ಕೂತು ಗುಂಡಿ ತೂರುವ ಕಾಜ ಹೊಲಿಯುತ್ತ ಯಾರದೋ ಮನೆಯ ಜಗಳದ ಕಥೆ ಹೇಳುತ್ತಿದ್ದಳು. ಕಥೆ ರಸವತ್ತಾಗಿತ್ತು. ಮುಗಿದ ಮೇಲೆ ನೋಡಿದರೆ ನಾನು ದುಬಾರಿ ಉಣ್ಣೆ ಬಟ್ಟೆಯಲ್ಲಿ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿ ಕೂತಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎರಡೂ ಎಡಗೈ ಇರೋ ಗಿರಾಕೀನ ಹುಡುಕಿದರಾಯ್ತು ಬಿಡೇ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಕಾನೂನು. ಎಪ್ಪತ್ತೆಂಟು ವರ್ಷದ ಹೆಂಗಸು, ನನ್ನನ್ನು ಸಾಕಿ ಸಲಹಿ ಸೂಜಿ ಹಿಡಿಯುವುದನ್ನು ಕಲಿಸಿದವಳು, ನನ್ನ ಸಿಡುಕಿಗೆ ಹೊಂದಿಕೊಂಡಳು. ಏನಾದರೂ ಹೇಳಬೇಕೆಂದರೆ ಮೊದಲು ಕತ್ತು ಚಾಚಿ ನನ್ನ ಕೈ ನೋಡುವಳು. ಕತ್ತರಿ ಕಂಡರೆ ಸುಮ್ಮನಾಗುವಳು.

ಆ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವಳ ಮಡಿಲಿಗೆ ಒಂದು ಉದ್ದನೆಯ ಕೋಟು ಹಾಕಿದೆ. ದೊಡ್ಡ ಹೋಟೆಲಿನ ಬಾಗಿಲು ಕಾಯುವವನದು, ಹತ್ತು ಗುಂಡಿ, ಹತ್ತು ಕಾಜ, ಎಲ್ಲವೂ ಕೈಹೊಲಿಗೆ. ಅತ್ತೆಗೆ ಒಂದು ಕಾಜಕ್ಕೆ ಅರ್ಧ ಗಂಟೆ ಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಗಡಿಯಾರ ನೋಡದೆ ಅವಳ ಕಾಜ ಎಣಿಸಿಯೇ ಊಟಕ್ಕೆ ಏಳುತ್ತಿದ್ದೆ. ಅವಳಿಗೆ ಬೆನ್ನು ಹಾಕಿ ನಿಂತು ಶಾಲೆಯ ಮಕ್ಕಳ ನಲವತ್ತು ಅಂಗಿ ಕತ್ತರಿಸಲು ಶುರುಮಾಡಿದೆ.

ನಡುವೆ ಒಮ್ಮೆ "ಲೇ ಹುಡುಗಿ" ಎಂದಳು. ಐವತ್ತು ದಾಟಿದರೂ ಅವಳಿಗೆ ನಾನು ಹುಡುಗಿಯೇ.

"ಕತ್ತರಿ!" ಎಂದೆ, ತಿರುಗದೆ.

ಮತ್ತೆ ಸದ್ದಿಲ್ಲ. ಹನ್ನೊಂದಕ್ಕೆ ಅವಳ ಪಕ್ಕದ ಸ್ಟೂಲಿನ ಮೇಲೆ ಟೀ ಇಟ್ಟೆ. ತಲೆಯಲ್ಲಿ ಕಾಲರಿನ ಅಳತೆ ಓಡುತ್ತಿತ್ತು. ಬಗ್ಗಿದ ಅವಳ ನೆತ್ತಿ ಕಂಡಿತು, ಮುಖ ನೋಡಲಿಲ್ಲ.

ಒಂದು ಗಂಟೆಗೆ ದಬ್ಬನೆ ಸದ್ದಾಯಿತು. ತಿರುಗಿದರೆ ಅತ್ತೆ ನೆಲದ ಮೇಲಿದ್ದಳು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಎಡಗೈ ಮೈಕೆಳಗೆ ಸಿಕ್ಕಿಕೊಂಡಿದ್ದರೂ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಉರುಳಿದ ಲೋಟದ ಟೀ ನನ್ನ ಪಾದಕ್ಕೆ ತಣ್ಣಗೆ ತಾಗಿತು.

ಕೋಟನ್ನೇ ಮಡಿಸಿ ಅವಳ ತಲೆಯಡಿ ಇಟ್ಟು ಆಂಬುಲೆನ್ಸಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಬೇಗ ಬಂದರು. ನಾನೇನು ಮಾಡಿದೆ ಗೊತ್ತೇ? ಬೀಗ ಹುಡುಕಿದೆ. ಅವರು ಅತ್ತೆಯನ್ನು ಗಾಡಿಗೆ ಏರಿಸಿ "ಬನ್ನಿ ಅಮ್ಮಾ, ಬೇಗ ಬನ್ನಿ" ಎಂದು ಕೂಗುತ್ತಿದ್ದರೆ ನಾನು ಬಟ್ಟೆಯ ರಾಶಿ ಕೆದರುತ್ತ ಬೀಗ, ಬೀಗ ಎಂದು ಬಡಬಡಿಸುತ್ತಿದ್ದೆ. ಬೀಗ ಬಾಗಿಲ ಚಿಲಕದಲ್ಲೇ ನೇತಾಡುತ್ತಿತ್ತು. ಅದರಲ್ಲೇ ಹತ್ತು ನಿಮಿಷ ಹೋಯಿತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟ್ರೆಚರಿನ ಜೊತೆಗೇ ನಡೆಯುತ್ತ ಕೇಳಿದಳು. "ಕೊನೇ ಸಲ ಇವರು ಸರಿಯಾಗಿದ್ದಿದ್ದು ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ. ಟೀ ಕೊಟ್ಟೆ."

"ಆಗ ಚೆನ್ನಾಗಿದ್ರಾ?"

"ಚೆನ್ನಾಗೇ ಇದ್ರು" ಎಂದೆ. ಬಾಯಿಂದ ಸಲೀಸಾಗಿ ಬಂದುಬಿಟ್ಟಿತು.

ಸ್ಕ್ಯಾನ್ ಮುಗಿಸಿ ಬಂದವಳು ನನ್ನ ಪಕ್ಕದಲ್ಲೇ ಕೂತಳು. "ಲಕ್ವ ಹೊಡೆದಿದೆ. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದನ್ನ ಕರಗಿಸೋ ಇಂಜೆಕ್ಷನ್ ಇದೆ. ಆದರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಅದು ದಾಟಿದ ಮೇಲೆ ಕೊಟ್ಟರೆ ತಲೆ ಒಳಗೇ ರಕ್ತ ಸೋರಿ ಪ್ರಾಣಕ್ಕೆ ಕುತ್ತು ಬರಬಹುದು. ಈಗ ಎರಡು ಗಂಟೆ. ನೀವು ಹೇಳಿದ ಪ್ರಕಾರ ಮೂರೇ ಗಂಟೆ ಆಗಿದೆ. ಔಷಧಿ ಸಿದ್ಧ ಮಾಡ್ತಿದ್ದೀವಿ."

"ಕೈ ಮತ್ತೆ ಬರುತ್ತಾ? ಮಾತು?"

"ಬರೋ ಸಾಧ್ಯತೆ ಜಾಸ್ತಿ ಆಗುತ್ತೆ" ಎಂದು ಎದ್ದುಹೋದಳು.

ನನಗೆ ಹೋದ ಜೀವ ಬಂದಂತಾಯಿತು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಜೊತೆಗೇ ಬಂದಿದ್ದ ಕೋಟನ್ನು ಕೊಡವಿ ಮಡಿಸತೊಡಗಿದೆ. ಕಾಜ ಪರೀಕ್ಷಿಸದೆ ಬಟ್ಟೆ ಮಡಿಸಿ ನನಗೆ ಅಭ್ಯಾಸವಿಲ್ಲ. ಮೊದಲನೆಯದರ ಮೇಲೆ ಹೆಬ್ಬೆರಳಾಡಿಸಿದೆ. ಇರುವೆ ಸಾಲಿನ ಹಾಗೆ ಗಂಟಿಗೆ ಗಂಟು ಒತ್ತಿ ಕೂತಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಅರ್ಧದವರೆಗೆ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಹೊಲಿಗೆ ಓರೆಯಾಗಿತ್ತು, ಬಟ್ಟೆ ಹಿಡಿದುಕೊಳ್ಳಬೇಕಾದ ಎಡಗೈ ಜಾರಿತ್ತು. ನಾಲ್ಕನೆಯದು ವಕ್ರ. ಐದು, ಆರು, ಏಳು, ಒಂದಕ್ಕಿಂತ ಒಂದು ಕೆಟ್ಟದು. ಏಳನೆಯದರಲ್ಲಿ ಸೂಜಿ ಬಟ್ಟೆ ಬಿಟ್ಟು ಬರಿಯ ಅಂಚನ್ನು ಚುಚ್ಚಿತ್ತು.

ಎಂಟಕ್ಕೆ ಶುರು. ಎಂಟೂವರೆಗೆ ಒಂದು. ಒಂಬತ್ತಕ್ಕೆ ಎರಡು. ಮೂರನೆಯದರ ಅರ್ಧ, ಒಂಬತ್ತೂಕಾಲು. "ಲೇ ಹುಡುಗಿ" ಎಂದದ್ದು ಆಗಲೇ. ಒಂಬತ್ತೂಕಾಲಿನಿಂದ ಒಂದು ಗಂಟೆಯವರೆಗೆ ನನ್ನ ಬೆನ್ನಿನಿಂದ ನಾಲ್ಕಡಿ ದೂರದಲ್ಲಿ ಅವಳು ಸತ್ತ ಕೈಯಲ್ಲಿ ಕಾಜ ಹೊಲಿಯುತ್ತ ಕೂತಿದ್ದಳು. ಕೆಲಸ ನಿಲ್ಲಿಸಿದರೆ ನಾನು ಬೈಯುತ್ತೇನೆಂದು ಹೆದರಿದಳೋ ಏನೋ. ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಲೆಕ್ಕ ಹಾಕಿದೆ. ಎರಡು ಗಂಟೆಗಾಗಲೇ ನಾಲ್ಕೂಮುಕ್ಕಾಲು ಗಂಟೆ ಕಳೆದಿತ್ತು. ಗಡುವು ಮೀರಿ ಕಾಲು ಗಂಟೆಯಾಗಿತ್ತು.

ಪರ ಊರಿನಲ್ಲಿ ಲಾರಿ ಓಡಿಸುವ ತಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಕಿರುಚಿದ. "ಬಾಯಿ ಮುಚ್ಕೊಂಡು ಕೂತ್ಕೋ. ಕೋಟು ನೋಡಿ ಟೈಮ್ ಹೇಳೋದು ಅವರಿಗೆ ಗೊತ್ತಾಗುತ್ತಾ? ಇಂಜೆಕ್ಷನ್ ಕೊಡಲಿ."

"ರಕ್ತ ಸೋರಿದರೆ?"

"ನನ್ನನ್ಯಾಕೆ ಕೇಳ್ತೀಯ ಅಕ್ಕಾ" ಎಂದು ಅತ್ತುಬಿಟ್ಟ.

ಹೇಳಿದರೆ ಅವಳ ಕೈ ಹೋಯಿತು. ಹೇಳದಿದ್ದರೆ ಅವಳೇ ಹೋಗಬಹುದು. ನರ್ಸ್ ಔಷಧಿಯ ಟ್ರೇ ಹಿಡಿದು ನನ್ನ ಮುಂದೆಯೇ ಹಾದುಹೋದಳು. ನಾನು ಎದ್ದು ಅವಳ ಹಿಂದೆ ಡಾಕ್ಟರಮ್ಮನಿದ್ದಲ್ಲಿಗೆ ಓಡಿದೆ.

"ಡಾಕ್ಟರಮ್ಮಾ, ನಿಲ್ಲಿ. ನಾನು ಹೇಳಿದ್ದು ತಪ್ಪು. ಹನ್ನೊಂದಕ್ಕೆ ನಾನು ಇವರ ಮುಖಾನೇ ನೋಡ್ಲಿಲ್ಲ." ಕೋಟು ಬಿಡಿಸಿ ಕಾಜಗಳನ್ನು ಒಂದೊಂದಾಗಿ ತೋರಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಮೂರನೆಯ ಕಾಜವನ್ನು ದೀಪದ ಕೆಳಗೆ ಹಿಡಿದು ನೋಡಿದಳು.

"ಅರ್ಧ ಗಂಟೆಗೆ ಒಂದು ಅನ್ನೋದು ಖಚಿತವಾ?"

"ನಲವತ್ತು ವರ್ಷದಿಂದ ನೋಡಿದ್ದೀನಿ."

ಅವಳು ನರ್ಸಿಗೆ ಕೈಸನ್ನೆ ಮಾಡಿದಳು. ಟ್ರೇ ವಾಪಸ್ಸು ಹೋಯಿತು. "ಇನ್ನು ಕೊಡೋಕಾಗಲ್ಲ."

"ಕಾಲು ಗಂಟೆ ತಾನೇ!" ಎಂದು ನಾನೇ ಕೂಗಾಡಿದೆ. ಕೋಟು ತಂದು ತೋರಿಸಿದವಳೂ ನಾನೇ, ಜಗಳಕ್ಕೆ ನಿಂತವಳೂ ನಾನೇ. "ಕಾಲು ಗಂಟೆಗೆ ಏನಾಗಿಬಿಡುತ್ತೆ? ಬೀಗ ಹುಡುಕಿದ್ದೇ ಹತ್ತು ನಿಮಿಷ ಕಣ್ರೀ!"

"ಆಗಲ್ಲ ಅಮ್ಮಾ. ನೀವು ಹೇಳಿದ್ದು ಒಳ್ಳೇದೇ ಆಯ್ತು."

ಒಳ್ಳೇದಂತೆ. ಇನ್ನೇನು ಮಾಡುತ್ತೀರಿ ಎಂದರೆ, ಮಾತ್ರೆ ಕೊಡುತ್ತೇವೆ, ನಿಗಾ ಇಡುತ್ತೇವೆ, ನೀವು ಕಾಯಬೇಕು ಎಂದಳು. ಎಷ್ಟು ದಿನ ಎಂದು ಅವಳಿಗೂ ಗೊತ್ತಿರಲಿಲ್ಲ.

ಸಂಜೆ ನನ್ನನ್ನು ಒಳಗೆ ಬಿಟ್ಟರು. ಅತ್ತೆಗೆ ಎಚ್ಚರವಿತ್ತು. ಎಡಗೈ ಹೊದಿಕೆಯ ಮೇಲೆ ಅಲುಗದೆ ಬಿದ್ದಿತ್ತು, ಬಲಗೈ ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಹಿಡಿದು ಬಿಡುತ್ತಿದ್ದವು. ನಾನು ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ. ಅವಳ ಮುಖವನ್ನು ಅಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತೋ.

"ಅತ್ತೇ, ಬೆಳಿಗ್ಗೆ ಏನೋ ಹೇಳೋಕೆ ಬಂದ್ಯಲ್ಲ. ಹೇಳು. ಕೇಳ್ತೀನಿ."

ಅವಳು ನನ್ನ ಮುಖ ನೋಡಲಿಲ್ಲ. ಕಣ್ಣು ಮೆಲ್ಲಗೆ ಕೆಳಗಿಳಿದು ನನ್ನ ಮಡಿಲಿನಲ್ಲಿ ಏನನ್ನೋ ಹುಡುಕಿತು. ನನಗೆ ತಡವಾಗಿ ಹೊಳೆಯಿತು. ಎರಡೂ ಕೈ ಎತ್ತಿ ಬರಿಯ ಅಂಗೈ ತೋರಿಸಿದೆ.

"ಇಲ್ಲ ಅತ್ತೆ. ಕತ್ತರಿ ಇಲ್ಲ."

ಆಮೇಲೆ ಬಾಯಿ ತೆರೆದಳು. ಮಾತು ಬರಲಿಲ್ಲ.