ಮೂರನೇ ಸಾಲಿನ ಹುಡುಗಿ

ಗುರುಪುರದ ಬಸ್‌ಸ್ಟಾಪಿನ ಎದುರು ಶಾಂತಲಾ ಸಿ.ಡಿ. ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಒಂದು ಟೀವಿ, ಒಂದು ಪ್ಲೇಯರು. ಮನೆಯಲ್ಲಿ ಇವೆರಡೂ ಇಲ್ಲದವರು ಅಲ್ಲೇ ಕೂತು ನೋಡಿ ಹೋಗುತ್ತಿದ್ದರು. ಟಿಬೆಟ್ ಕ್ಯಾಂಪಿನ ಯಾಂಗ್ಜೊಮ್ ಬರುತ್ತಿದ್ದದ್ದು ಬುಧವಾರ, ಊರೆಲ್ಲ ಊಟಕ್ಕೆ ಕೂತ ಹೊತ್ತಿಗೆ. ಕಾರ್ಪೆಟ್ ನೇಯುವ ಹೆಂಗಸು, ವಯಸ್ಸು ಮೂವತ್ತರ ಆಸುಪಾಸು. ಅಂಗಡಿಯ ಸಿ.ಡಿ. ಒಂದನ್ನೂ ಮುಟ್ಟುತ್ತಿರಲಿಲ್ಲ. ಸ್ವೆಟರಿನೊಳಗಿಂದ ತನ್ನದೇ ಒಂದನ್ನು ತೆಗೆದು, ಬಾಗಿಲು ಮುಂದೆ ಮಾಡಿಕೊಂಡು, ಅರ್ಧ ಗಂಟೆ ನೋಡಿ ಹೊರಟುಬಿಡುತ್ತಿದ್ದಳು.

ಒಂದು ಬುಧವಾರ ಶಿವನಂಜಪ್ಪ ಅಂಗಡಿಯ ಕಟ್ಟೆ ಮೇಲೆ ಟೀ ಕುಡಿಯುತ್ತಿದ್ದ. ಮಿಲಿಟರಿಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಒಳಗಿನ ಹಾಡು ಕಿವಿಗೆ ಬಿದ್ದದ್ದೇ ಲೋಟ ಕೆಳಗಿಟ್ಟ.

"ಯಾರವ್ವ ಒಳಗೆ?"

"ಕ್ಯಾಂಪಿನೋಳು ಮಾವ. ಅವರ ಭಾಷೆ ಹಾಡು ಕೇಳ್ತಾವಳೆ."

"ಅವರ ಭಾಷೆ ಅಲ್ಲ ಕಣವ್ವ ಇದು, ಚೀನಾದ್ದು. ಗಡೀಲಿದ್ದಾಗ ಮೈಕಲ್ಲಿ ಕೂಗಿ ಕೂಗಿ ನಮ್ಮ ಕಿವಿ ತೂತು ಮಾಡಿದ್ರು, ಮರೆಯಕ್ಕಾಯ್ತದಾ?" ಅವನು ದನಿ ತಗ್ಗಿಸಿದ. "ಮನೆಮಠ ಬಿಡಿಸಿ ಓಡ್ಸಿದೋರ ಹಾಡನ್ನ ಇವಳು ಕದ್ದು ಕೇಳ್ತಾಳೆ ಅಂದ್ರೆ ಏನರ್ಥ? ಒಸಿ ಕಣ್ಣಿಟ್ಟಿರು."

ಆ ಮಾತು ಶಾಂತಲಾಳ ತಲೆಯಲ್ಲಿ ಹುಳದಂತೆ ಹೊಕ್ಕಿತು. ಮುಂದಿನ ವಾರ ಬಾಗಿಲ ಸಂದಿಯಿಂದ ನೋಡಿದಳು. ಯಾಂಗ್ಜೊಮ್ ಒಂದೇ ಜಾಗವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಾಕುತ್ತಿದ್ದಳು. ನಿಲ್ಲಿಸುವಳು, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗುವಳು, ಬೆರಳಲ್ಲಿ ಏನನ್ನೋ ಎಣಿಸುವಳು. ಅವಳು ಹೋದ ಮೇಲೆ ನೋಡಿದರೆ ಗಾಜಿನ ಎಡಮೂಲೆಯಲ್ಲಿ ಒಂದರ ಮೇಲೊಂದು ಬೆರಳ ಗುರುತು. ಹಾಡು ಕೇಳುವವರು ಹೀಗೆ ಎಣಿಸುತ್ತಾರೆಯೇ?

ಅದಾಗಿ ಹದಿನೈದು ದಿನಕ್ಕೆ ಯಾಂಗ್ಜೊಮ್ ನೋಡುತ್ತಿದ್ದಾಗಲೇ ಕರೆಂಟು ಹೋಗಿ ಸಿ.ಡಿ. ಪ್ಲೇಯರಿನೊಳಗೇ ಉಳಿಯಿತು. "ನಾಳೆ ಬರ್ತೀನಿ. ಯಾರಿಗೂ ಕೊಡಬೇಡಿ," ಎಂದು ಎರಡೆರಡು ಸಲ ಹೇಳಿ ಹೋದಳು. ಕರೆಂಟು ಬಂದದ್ದೇ ಶಾಂತಲಾ ಹಾಕಿದಳು. ಕೆಂಪು ದೀಪಗಳ ದೊಡ್ಡ ವೇದಿಕೆ, ಚೀನಾದ ಹೊಸವರ್ಷದ ಟೀವಿ ಕಾರ್ಯಕ್ರಮವಿರಬೇಕು. ಇಬ್ಬರು ಏನೋ ಮಾತಾಡಿ ಜನರನ್ನು ನಗಿಸಿದರು. ಆಮೇಲೆ ಸಮವಸ್ತ್ರದ ಸಿಪಾಯಿಗಳು ಎದೆಯುಬ್ಬಿಸಿ ಹಾಡಿದರು. ಸಿಪಾಯಿಗಳನ್ನು ಕಂಡದ್ದೇ ಶಾಂತಲಾ ಟೀವಿ ಆರಿಸಿದಳು. ಮುಂದೆ ನೋಡಲಿಲ್ಲ. ಸಿ.ಡಿ.ಯನ್ನು ತಂದು ಶಿವನಂಜಪ್ಪನ ಕೈಗಿಟ್ಟಳು. ಅವನು ಅದನ್ನು ಸೀದಾ ಕ್ಯಾಂಪಿನ ಹಿರಿಯರಿಗೆ ಕೊಟ್ಟು, "ನಿಮ್ಮೋರಲ್ಲೇ ಯಾರೋ ಅವರೆ, ವಿಚಾರಿಸಿ," ಎಂದು ಬಂದ. ಹೆಸರು ಮಾತ್ರ ಹೇಳಲಿಲ್ಲವಂತೆ.

ಮರುದಿನ ಯಾಂಗ್ಜೊಮ್ ಬಂದಳು.

"ಎಲ್ಲೋ ಕೈತಪ್ಪಿತು ಕಣ್ರೀ," ಎಂದಳು ಶಾಂತಲಾ, ಮುಖ ನೋಡದೆ.

ಯಾಂಗ್ಜೊಮ್ ಪ್ಲೇಯರು ತೆರೆದು ಒಳಗೆ ನೋಡಿದಳು. "ಅದ್ರಲ್ಲಿ ನನ್ನ ತಂಗಿ ಇದಾಳೆ," ಎಂದಳು. "ಅಲ್ಲಿ ಡ್ಯಾನ್ಸ್ ಶಾಲೆಗೆ ಸೇರಿದ್ಲು. ನಾನು ಬೆಟ್ಟ ದಾಟಿ ಈಕಡೆ ಬಂದೆ. ಏಳು ವರ್ಷ ಆಯ್ತು. ನೇಪಾಳದಿಂದ ಬಂದೋರು, ಇದ್ರಲ್ಲಿ ಅವಳು ಇದಾಳೆ ಅಂತ ತಂದುಕೊಟ್ರು. ಚೀನಾ ಟೀವೀಲಿ ಕುಣೀತಾಳೆ ಅಂತ ಕ್ಯಾಂಪಲ್ಲಿ ಗೊತ್ತಾದ್ರೆ ಅವಳ ಹೆಸರಿಗೇ ಉಗಿತಾರೆ."

ಅವಳು ಹೋದದ್ದೇ ಶಾಂತಲಾ ಅಂಗಡಿಗೆ ಬೀಗ ಹಾಕಿ ಒಬ್ಬಳೇ ಕ್ಯಾಂಪಿಗೆ ನಡೆದಳು.

ಹಿರಿಯರು ಸಿ.ಡಿ.ಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. "ನಮ್ಮ ಹುಡುಗೀರನ್ನ ನಮ್ಮ ಬಟ್ಟೇಲೇ ಕುಣಿಸಿ, ನೋಡಿ ಇವರೆಲ್ಲ ಸುಖವಾಗಿದಾರೆ ಅಂತ ಲೋಕಕ್ಕೆ ತೋರಿಸ್ತಾರೆ," ಎಂದರು. "ಇದು ಯಾರದು?"

"ನಂದೇ," ಎಂದಳು ಶಾಂತಲಾ. "ಮೈಸೂರಲ್ಲಿ ಸಿಕ್ತು. ಡ್ಯಾನ್ಸು ಚೆನ್ನಾಗೈತೆ ಅಂತ ತಂದೆ."

"ಭಾಷೆ ಬರುತ್ತಾ ನಿಮಗೆ?"

"ಡ್ಯಾನ್ಸಿಗೆ ಭಾಷೆ ಯಾಕೆ ಸ್ವಾಮಿ?"

ಅವರು ನಂಬಲಿಲ್ಲ. ಆದರೂ ಸಿ.ಡಿ.ಯನ್ನು ಅವಳ ಕಡೆ ತಳ್ಳಿದರು. ಆ ತಿಂಗಳಿಂದ ಕ್ಯಾಂಪಿನವರು ಅವಳ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಸಿ.ಡಿ. ತನ್ನದೆಂದು ಅವಳು ಹೇಳಿದ್ದು ತಿಳಿದು ಶಿವನಂಜಪ್ಪ ಟೀ ಕುಡಿಯಲು ಎದುರಿನ ಹೋಟೆಲಿಗೆ ಹೋಗತೊಡಗಿದ. ಅಲ್ಲಿಂದಲೇ ಇವಳ ಅಂಗಡಿಗೆ ಹೋಗಿಬರುವವರನ್ನು ಗಮನಿಸುತ್ತಿದ್ದ.

ಯಾಂಗ್ಜೊಮ್ ಮತ್ತೆ ಬಂದದ್ದು ತಿಂಗಳಾದ ಮೇಲೆ, ಹಿತ್ತಲ ಬಾಗಿಲಿಂದ. ಶಾಂತಲಾ ನಡೆದದ್ದೆಲ್ಲ ಒಪ್ಪಿಕೊಂಡಳು. ಯಾಂಗ್ಜೊಮ್ ಕೋಪ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಿ.ಡಿ. ಹಾಕಿದಳು.

ಉದ್ದ ತೋಳಿನ ಅಂಗಿಯ ಮೂವತ್ತು ಹುಡುಗಿಯರು ನಗುತ್ತ ತಿರುಗಿದರು. ಮೂರನೇ ಸಾಲಿನ ಎಡಕ್ಕೆ ಬಂದಾಗ ಯಾಂಗ್ಜೊಮ್ ನಿಲ್ಲಿಸಿದಳು.

"ಇವಳು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ಬಿಟ್ಟು ಬಂದಾಗ ಹನ್ನೆರಡು ವರ್ಷದೋಳು. ಈಗ ಇಷ್ಟು ಬಣ್ಣ ಬಳ್ದಿದಾರೆ. ಒಂದು ದಿನ ಇವಳೇ ಅನ್ಸುತ್ತೆ, ಇನ್ನೊಂದು ದಿನ ಯಾರೋ ಅನ್ಸುತ್ತೆ." ಅವಳು ಶಾಂತಲಾಳ ಕಡೆ ತಿರುಗಿದಳು. "ನನ್ನ ಮುಖ ನೋಡಿ ಹೇಳಿ. ಹೋಲ್ತಾಳಾ?"

ಶಾಂತಲಾ ಆ ಮುಖ ನೋಡಿದಳು, ಈ ಮುಖ ನೋಡಿದಳು. ಹೌದು ಅಂದುಬಿಡುವುದು ಸುಲಭವಿತ್ತು. ಇವಳಿಗೆ ಒಮ್ಮೆ ಸುಳ್ಳು ಹೇಳಿ ಆಗಿತ್ತು.

"ಗೊತ್ತಾಗ್ತಿಲ್ಲ ಅಕ್ಕ," ಎಂದಳು. "ಇನ್ನೊಂದ್ಸಲ ಹಾಕಿ."